ಪಿಕಪ್ ಕ್ಲಚ್ಚಿನ ಏರ್ ಎಷ್ಟು ತೆಗೆದರೂ ಹೋಗುತ್ತಿಲ್ಲ: ಮಾಸ್ಟರ್ ಸಿಲಿಂಡರ್ ಬದಲಿಸಬೇಕೇ?

ಪ್ರಶ್ನೆ: ತರಕಾರಿ ಗಾಡಿ, ಲಗ್ಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು ಒಂದು ಟನ್ನಿನ ಡೀಸೆಲ್ ಪಿಕಪ್. ಬೆಳಗಿನ ಜಾವ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ಮಲ್ಲೇಶ್ವರ, ರಾಜಾಜಿನಗರದ ಅಂಗಡಿಗಳಿಗೆ ಇಳಿಸಿ, ಹತ್ತು ಗಂಟೆಯ ಹೊತ್ತಿಗೆ ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಮರಳಿ ಬರುವುದು ನನ್ನ ದಿನಚರಿ. ಕ್ಲಚ್ಚಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲವೆಂದು ನನಗೆ ಗೊತ್ತು. ಆದ್ದರಿಂದಲೇ ಅದನ್ನು ನಾನು ಎಂದೂ ಅಲಕ್ಷ್ಯ ಮಾಡಿಲ್ಲ.

ಒಂದು ತಿಂಗಳ ಹಿಂದೆ ಕ್ಲಚ್ ಪೆಡಲ್ ಸಡಿಲವಾಯಿತು. ಗಾಡಿಯ ಕೆಳಗೆ ಮಲಗಿ ನೋಡಿದಾಗ ಗೇರ್‌ಬಾಕ್ಸಿನ ಎಡಪಕ್ಕದಲ್ಲಿರುವ, ಪೆಡಲಿನಿಂದ ಬಂದ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನಿಂದ ಎಣ್ಣೆ ಜಿನುಗಿ ಕೆಳಗಿನವರೆಗೂ ಇಳಿದಿತ್ತು. ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಸಿಲಿಂಡರ್ ಬಿಚ್ಚಿ ರಬ್ಬರ್ ಕಿಟ್ ಹಾಕಿಸಿದೆ. ಜಿನುಗುವುದು ನಿಂತಿತು. ಆದರೆ ಅಂದಿನಿಂದ ಇಂದಿನವರೆಗೂ ಪೆಡಲ್ ಸರಿಯಾಗಿಲ್ಲ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಬೆಣ್ಣೆಯಂತೆ ಬೀಳುತ್ತವೆ; ಎಂಜಿನ್ ಓಡುತ್ತಿರುವಾಗ ಫಸ್ಟ್ ಗೇರ್ ಒರಟಾಗಿ ಬೀಳುತ್ತದೆ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ. ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ತುಳಿದರೆ ಗೇರ್ ಬೀಳುತ್ತದೆ, ಒಂದು ನಿಮಿಷ ಬಿಟ್ಟರೆ ಮತ್ತೆ ಅದೇ ಕಥೆ.

ಅದೇ ಗ್ಯಾರೇಜಿನಲ್ಲಿ ಮೂರು ಸಲ ಏರ್, ಅಂದರೆ ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಸಿದ್ದೇನೆ. ಒಬ್ಬರು ತುಳಿಯುವುದು, ಇನ್ನೊಬ್ಬರು ಕೆಳಗಿನಿಂದ ಸ್ಲೇವ್ ಸಿಲಿಂಡರಿನ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಚ್ಚುವುದು, ಹೀಗೆ ಅರ್ಧ ಲೀಟರಿಗಿಂತ ಹೆಚ್ಚು ಬ್ರೇಕ್ ಆಯಿಲ್ ಖರ್ಚಾಗಿದೆ. ಕೊನೆಯ ಸಲ ನಿಪ್ಪಲಿನಿಂದ ಗುಳ್ಳೆಯೇ ಇಲ್ಲದ ಶುದ್ಧ ಎಣ್ಣೆ ಬಂದದ್ದನ್ನು ನಾನೇ ನಿಂತು ನೋಡಿದೆ, ಆದರೂ ಪೆಡಲ್ ಹಾಗೆಯೇ ಇದೆ. ಈಗ ಅವರು ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ, ಅದನ್ನು ಬದಲಿಸೋಣ, ಅದಕ್ಕೂ ಸರಿಹೋಗದಿದ್ದರೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ನೋಡೋಣ ಎನ್ನುತ್ತಿದ್ದಾರೆ. ಗೇರ್‌ಬಾಕ್ಸ್ ಇಳಿಸಿದರೆ ಕನಿಷ್ಠ ಎರಡು ದಿನ ಗಾಡಿ ನಿಲ್ಲುತ್ತದೆ, ಎರಡು ದಿನ ಸಂಪಾದನೆ ಇಲ್ಲ. ಶುದ್ಧ ಎಣ್ಣೆ ಬಂದ ಮೇಲೂ ಒಳಗೆ ಏರ್ ಉಳಿದಿರಲು ಸಾಧ್ಯವೇ? ಖರ್ಚಿಗೆ ಕೈ ಹಾಕುವ ಮೊದಲು ನಾನೇ ಮಾಡಿ ನೋಡಬಹುದಾದ ಪರೀಕ್ಷೆ ಏನಾದರೂ ಇದೆಯೇ? ಪೈಪ್ ಎಂಜಿನ್ ಬದಿಯ ತಗಡಿನ ಗೋಡೆಯಿಂದ ಹೊರಟು, ಸ್ವಲ್ಪ ಮೇಲಕ್ಕೆ ಬಾಗಿ, ಆಮೇಲೆ ಕೆಳಗಿಳಿದು ಸ್ಲೇವ್ ಸಿಲಿಂಡರಿಗೆ ಸೇರುತ್ತದೆ. ಕ್ಲಚ್ಚಿಗೆ ಪ್ರತ್ಯೇಕವಾದ ಸಣ್ಣ ಎಣ್ಣೆ ಡಬ್ಬಿ ಇದೆ.

ಉತ್ತರ: ಗ್ಯಾರೇಜ್ ಮೆಕ್ಯಾನಿಕ್, ಕಲಾಸಿಪಾಳ್ಯ

ಸಾಧ್ಯವಿದೆ ಸರ್. ನೀವು ಬರೆದಿರುವ ಲಕ್ಷಣಗಳಲ್ಲಿ ಎರಡು ಮಾತು ಬಹಳ ಮುಖ್ಯ. ಎಂಜಿನ್ ನಿಂತಾಗ ಗೇರ್ ಸಲೀಸಾಗಿ ಬೀಳುತ್ತದೆ ಎಂದರೆ ಗೇರ್‌ಬಾಕ್ಸಿನ ಒಳಗೆ ತೊಂದರೆಯಿಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಷ್ಟೆ. ಪಂಪ್ ಮಾಡಿದರೆ ಬೀಳುತ್ತದೆ ಎಂದರೆ ಪ್ರೆಷರ್ ಪ್ಲೇಟಿನ ಮೇಲೆ ಅನುಮಾನ ಪಡುವ ಕಾಲ ಇನ್ನೂ ಬಂದಿಲ್ಲ. ಏಕೆಂದರೆ ಬಾಗಿದ ಪ್ಲೇಟಾಗಲಿ ಅದರ ಒಡೆದ ಸ್ಪ್ರಿಂಗ್ ಬೆರಳಾಗಲಿ ಪಂಪ್ ಮಾಡಿದ ಮಾತ್ರಕ್ಕೆ ರಿಪೇರಿಯಾಗುವುದಿಲ್ಲ. ದೋಷ ಎಣ್ಣೆಯ ದಾರಿಯಲ್ಲಿದೆ.

ಮಾಸ್ಟರ್ ಸಿಲಿಂಡರ್ ಒಳಗಿಂದಲೇ ಎಣ್ಣೆ ಬಿಡುತ್ತಿದೆಯೇ ಎಂಬುದನ್ನು ಹಣ ಕೊಡದೆ ತಿಳಿಯಬಹುದು. ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರನ್ನು ಪೆಡಲ್ ಪೂರ್ತಿ ತುಳಿದು ಹಿಡಿದಿರಲು ಹೇಳಿ. ನೀವು ಕೆಳಗೆ ಸ್ಲೇವ್ ಸಿಲಿಂಡರಿನ ಪುಶ್ ರಾಡ್ ನೋಡುತ್ತಿರಿ. ಬೆರಳು, ಬಟ್ಟೆ ಯಾವುದೂ ಆ ರಾಡ್ ತಳ್ಳುವ ಫೋರ್ಕಿನ ಬಳಿ ಇರಬಾರದು. ಎರಡು ನಿಮಿಷ ಹಿಡಿದಿದ್ದರೂ ರಾಡ್ ನಿಂತ ಜಾಗದಲ್ಲೇ ನಿಂತಿದ್ದರೆ ಮಾಸ್ಟರಿನ ಒಳಗಿನ ರಬ್ಬರ್ ಕಪ್ ಚೆನ್ನಾಗಿದೆ. ಹೊರಗೆ ಎಲ್ಲಿಯೂ ಎಣ್ಣೆ ಜಿನುಗದೆ ರಾಡ್ ಮಾತ್ರ ಮೆಲ್ಲಗೆ ಹಿಂದಕ್ಕೆ ಸರಿದರೆ ಮಾಸ್ಟರ್ ಬದಲಿಸಬೇಕಾದದ್ದೇ. ಅದೇ ಹೊತ್ತಿನಲ್ಲಿ ರಬ್ಬರ್ ಹೋಸನ್ನು ಹೊರಗಿನಿಂದ ಕೈಯಲ್ಲಿ ಹಿಡಿದು ನೋಡಿ. ತುಳಿದಾಗ ಅದು ಅಂಗೈಯಲ್ಲಿ ಉಬ್ಬಿದಂತಾದರೆ ಹಳೆಯ ಹೋಸ್ ಕೂಡ ಪೆಡಲನ್ನು ಹೀಗೇ ಸಡಿಲ ಮಾಡುತ್ತದೆ.

ಮೊದಲ ಸಲ ನಿಧಾನವಾಗಿ ತುಳಿದಾಗ ಆ ರಾಡ್ ಎಷ್ಟು ಮಿಲಿಮೀಟರ್ ಚಲಿಸುತ್ತದೆ, ಮೂರು ಸಲ ಪಂಪ್ ಮಾಡಿದ ಮೇಲೆ ಎಷ್ಟು ಚಲಿಸುತ್ತದೆ ಎಂಬುದನ್ನೂ ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಪೆಡಲಿನ ಮೇಲೆ ಕಾಲಿಗೆ ಅನ್ನಿಸುವುದಕ್ಕಿಂತ ಆ ಅಳತೆ ಹೆಚ್ಚು ನಿಜ ಹೇಳುತ್ತದೆ.

ಇನ್ನು ಶುದ್ಧ ಎಣ್ಣೆಯ ಮಾತು. ನಿಪ್ಪಲಿನಿಂದ ಗುಳ್ಳೆಯಿಲ್ಲದ ಎಣ್ಣೆ ಬಂದರೆ ಪೈಪಿನಿಂದ ನಿಪ್ಪಲಿನವರೆಗಿನ ದಾರಿ ಶುದ್ಧವಾಗಿದೆ ಎಂದರ್ಥವೇ ಹೊರತು ಸಿಲಿಂಡರ್ ಪೂರ್ತಿ ತುಂಬಿದೆ ಎಂದರ್ಥವಲ್ಲ. ಸಿಲಿಂಡರ್ ಕೂತಿರುವ ಓರೆಯಲ್ಲಿ ನಿಪ್ಪಲಿಗಿಂತ ಮೇಲೆ ಒಂದು ಮೂಲೆ ಉಳಿದರೆ ಏರ್ ಅಲ್ಲಿ ಹೋಗಿ ಕೂರುತ್ತದೆ, ಎಣ್ಣೆ ಅದರ ಕೆಳಗಿನಿಂದ ಹರಿದು ಹೊರಗೆ ಬರುತ್ತದೆ. ನೀವು ಅರ್ಧ ಲೀಟರಲ್ಲ, ಐದು ಲೀಟರ್ ಹರಿಸಿದರೂ ಆ ಏರ್ ಅಲುಗುವುದಿಲ್ಲ. ಜೋಡಿಸುವಾಗ ಒಣಗಿದ ಸಿಲಿಂಡರಿನಲ್ಲಿ ಇದು ಹೆಚ್ಚಾಗಿ ಆಗುತ್ತದೆ. ಹೀಗಾದಾಗ ನಾನು ಮಾಡುವುದು ಇಷ್ಟು. ಸ್ಲೇವ್ ಸಿಲಿಂಡರಿನ ಎರಡು ಬೋಲ್ಟ್ ಮಾತ್ರ ಬಿಚ್ಚಿ, ಹೋಸ್ ಬಿಚ್ಚದೆ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಸಿಲಿಂಡರನ್ನು ತಿರುಗಿಸಿ ಹಿಡಿದು, ಪಿಸ್ಟನನ್ನು ಹೆಬ್ಬೆರಳಿನಿಂದ ಪೂರ್ತಿ ಒಳಕ್ಕೆ ಒತ್ತಿ ಹಿಡಿದು, ಆ ಸ್ಥಿತಿಯಲ್ಲಿ ಏರ್ ತೆಗೆಯುತ್ತೇನೆ. ಪಿಸ್ಟನ್ ಒಳಗಿದ್ದರೆ ಏರ್ ಕೂರಲು ಜಾಗವೇ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಸಿಲಿಂಡರ್ ಗೇರ್‌ಬಾಕ್ಸಿನಿಂದ ಹೊರಗಿರುವಾಗ ಯಾರೂ ಪೆಡಲ್ ತುಳಿಯಕೂಡದು. ತುಳಿದರೆ ಪಿಸ್ಟನ್ ಹಾರಿ ಹೊರಬೀಳುತ್ತದೆ, ಎಣ್ಣೆಯೆಲ್ಲ ನಿಮ್ಮ ಮುಖದ ಮೇಲೆ. ಹಾಗಾದರೆ ತುಳಿಯದೆ ಎಣ್ಣೆ ಬರುವುದು ಹೇಗೆ ಎಂದರೆ, ಡಬ್ಬಿ ಮೇಲಿದೆ, ನಿಪ್ಪಲ್ ಕೆಳಗಿದೆ. ನಿಪ್ಪಲ್ ಸಡಿಲಿಸಿ ಹತ್ತು ನಿಮಿಷ ಬಿಟ್ಟರೆ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳಬೇಕು.

ನಿಪ್ಪಲಿಗೆ ರಿಂಗ್ ಸ್ಪ್ಯಾನರನ್ನೇ ಹಾಕಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿ ಅದರ ಆರು ಮೂಲೆ ಉರುಟು ಮಾಡಿದರೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸವಾಗುತ್ತದೆ.

ಉತ್ತರ: ಐ.ಟಿ.ಐ. ಶಿಕ್ಷಕ, ಪೀಣ್ಯ

ಮೇಲಿನ ಮೆಕ್ಯಾನಿಕ್ ಅವರ ಮಾತು ಸರಿಯಾಗಿದೆ. ಅದರ ಹಿಂದಿರುವ ಲೆಕ್ಕವನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ, ಇಲ್ಲಿಯೂ ಬರೆಯುತ್ತೇನೆ. ಏರ್ ತೆಗೆಯುವುದನ್ನು ಬಹಳ ಜನ ತುಳಿಯುವ ಕೆಲಸವೆಂದು ತಿಳಿದಿದ್ದಾರೆ. ಗಾಳಿಗೆ ಮೇಲಕ್ಕೆ ಹೋಗಲು ದಾರಿ ಮಾಡಿಕೊಡುವುದೇ ನಿಜವಾದ ಕೆಲಸ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಿಲಿಂಡರಿನ ಮೈಮೇಲೆ ಅದರ ಒಳವ್ಯಾಸವನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಉದಾಹರಣೆಗೆ ಮಾಸ್ಟರ್ 5/8 ಇಂಚು, ಸ್ಲೇವ್ 3/4 ಇಂಚು ಎಂದಿಟ್ಟುಕೊಳ್ಳಿ. ಮಾಸ್ಟರಿನ ಒಳವ್ಯಾಸ 15.87 ಮಿ.ಮೀ., ಅಂದರೆ ಅಡ್ಡಕೊಯ್ತ ಸುಮಾರು 198 ಚದರ ಮಿ.ಮೀ. ಅದರ ಪಿಸ್ಟನ್ 22 ಮಿ.ಮೀ. ಚಲಿಸಿದರೆ ಒಂದು ತುಳಿತಕ್ಕೆ ಹೊರಡುವ ಎಣ್ಣೆ 4.3 ಮಿ.ಲೀ. ಮಾತ್ರ, ಒಂದು ಟೀ ಚಮಚಕ್ಕಿಂತಲೂ ಕಡಿಮೆ. ಸ್ಲೇವಿನ ಅಡ್ಡಕೊಯ್ತ 285 ಚದರ ಮಿ.ಮೀ.; ಆದ್ದರಿಂದ ಅಲ್ಲಿ ಪುಶ್ ರಾಡ್ ಸುಮಾರು 15 ಮಿ.ಮೀ. ಚಲಿಸಬೇಕು.

ಈಗ ಒಳಗೆ ಕೇವಲ 1 ಮಿ.ಲೀ. ಗಾಳಿ ಉಳಿದಿದೆ ಎನ್ನಿ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ತುಳಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ 20 ಪಟ್ಟು ಆದರೆ ಆ 1 ಮಿ.ಲೀ. ಗಾಳಿ ಇಪ್ಪತ್ತರಲ್ಲೊಂದು ಪಾಲಿಗೆ ಕುಗ್ಗಿ ಕೂರುತ್ತದೆ, 0.95 ಮಿ.ಲೀ. ಎಣ್ಣೆ ಆ ಜಾಗ ತುಂಬುವುದಕ್ಕೇ ಖರ್ಚಾಗುತ್ತದೆ. ಪರಿಣಾಮವಾಗಿ ಸ್ಲೇವಿನ ಚಲನೆ 3.3 ಮಿ.ಮೀ. ಕಡಿಮೆಯಾಗುತ್ತದೆ. 15 ಮಿ.ಮೀ.ನಲ್ಲಿ 3.3 ಹೋದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಸವರುತ್ತಲೇ ಉಳಿಯುತ್ತದೆ, ರಿವರ್ಸ್ ಗೇರ್ ಕಿರುಚುತ್ತದೆ. ಹೆಸರುಕಾಳಿನಷ್ಟು ಗುಳ್ಳೆಗಳು ಹತ್ತಾರು ಸೇರಿದರೂ ಸಾಕು, ನೀವು ಹೇಳಿದ ಲಕ್ಷಣ ಬರುತ್ತದೆ.

ಬೇಗ ಬೇಗ ಪಂಪ್ ಮಾಡಿದಾಗ ಸರಿಯಾಗುವುದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಪೆಡಲ್ ಮೇಲೇಳುವಾಗ ಮಾಸ್ಟರಿನ ರಬ್ಬರ್ ಕಪ್ಪಿನ ಅಂಚು ಒಳಕ್ಕೆ ಬಾಗಿ ಡಬ್ಬಿಯಿಂದ ಸ್ವಲ್ಪ ಹೆಚ್ಚುವರಿ ಎಣ್ಣೆಯನ್ನು ಮುಂದಕ್ಕೆ ಬಿಡುತ್ತದೆ. ಕೆಳಗಿನ ಎಣ್ಣೆ ಹಿಂದಿರುಗಿ ಬರುವ ಮೊದಲೇ ಮತ್ತೆ ತುಳಿದರೆ ಆ ಹೆಚ್ಚುವರಿ ಎಣ್ಣೆ ಗಾಳಿ ಕುಗ್ಗಿದ ಜಾಗವನ್ನು ತುಂಬುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಎಣ್ಣೆ ಮಾಸ್ಟರಿನಲ್ಲಿರುವ ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ಡಬ್ಬಿಗೆ ಮರಳುತ್ತದೆ. ಆ ಸಣ್ಣ ರಂಧ್ರವನ್ನು ನೆನಪಿಟ್ಟುಕೊಳ್ಳಿ, ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಪೈಪಿನ ಲೆಕ್ಕ ಇನ್ನೂ ಕುತೂಹಲಕರವಾದದ್ದು. ಸಾಮಾನ್ಯವಾಗಿ ಬಳಸುವ 4.75 ಮಿ.ಮೀ. ಉಕ್ಕಿನ ಪೈಪಿನ ಒಳವ್ಯಾಸ ಸುಮಾರು 3.3 ಮಿ.ಮೀ. ಅದರಲ್ಲಿ 4.3 ಮಿ.ಲೀ. ಎಣ್ಣೆ ತಳ್ಳಿದರೆ ಒಳಗಿನ ಎಣ್ಣೆಯ ಸಾಲು ಸುಮಾರು ಅರ್ಧ ಮೀಟರ್ ಮುಂದೆ ಹೋಗುತ್ತದೆ. ನಿಮ್ಮ ಪೈಪ್ ಒಂದೂಕಾಲು ಮೀಟರ್ ಇದ್ದರೆ ಬಾಗಿದ ಜಾಗದಲ್ಲಿರುವ ಗುಳ್ಳೆ ನಿಪ್ಪಲಿಗೆ ತಲುಪಲು ಎರಡು ಮೂರು ಪೂರ್ಣ ತುಳಿತ ಬೇಕು. ಮಧ್ಯದಲ್ಲಿ ಒಂದು ಸಲ ನಿಪ್ಪಲ್ ಮುಚ್ಚುವುದು ಅರೆಕ್ಷಣ ತಡವಾಗಿ, ಪೆಡಲ್ ಮೊದಲೇ ಮೇಲೆದ್ದರೆ, ತಳ್ಳಿದ ಗುಳ್ಳೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ನಿಪ್ಪಲಿನಿಂದ ಹೊಸ ಗಾಳಿಯೂ ಬರುತ್ತದೆ. ತುಳಿಯುವವರು ಕ್ಯಾಬಿನ್ನಿನಲ್ಲಿ, ಬಿಚ್ಚುವವರು ಗಾಡಿಯ ಕೆಳಗೆ. ರಸ್ತೆಯ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಈ ತಪ್ಪು ಆಗುತ್ತಲೇ ಇರುತ್ತದೆ. ಆದ್ದರಿಂದ ಕೆಳಗಿನವರು "ಮುಚ್ಚಿದೆ" ಎಂದು ಹೇಳುವವರೆಗೂ ಮೇಲಿನವರು ಕಾಲು ಎತ್ತಬಾರದು ಎಂಬ ಒಂದೇ ನಿಯಮವನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸುತ್ತೇನೆ.

ನಿಮ್ಮ ಸಂದರ್ಭದಲ್ಲಿ ನಾನು ಕೆಳಗಿನಿಂದ ಮೇಲಕ್ಕೆ ಎಣ್ಣೆ ತುಂಬಲು ಸಲಹೆ ಕೊಡುತ್ತೇನೆ. ಔಷಧಿ ಅಂಗಡಿಯಲ್ಲಿ 50 ಮಿ.ಲೀ. ಸಿರಿಂಜ್ ಸಿಗುತ್ತದೆ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬ್ ನಿಪ್ಪಲಿಗೆ ಬಿಗಿಯಾಗಿ ಕೂತರೆ ಅದೇ ಸಾಕು. ಮೇಲೊಂದು ತಂತಿ ಸುತ್ತಿದರೆ ಇನ್ನೂ ಒಳ್ಳೆಯದು. ಹೊಸ ಎಣ್ಣೆಯನ್ನು ಸಿರಿಂಜಿನಲ್ಲಿ ನಿಧಾನವಾಗಿ ಎಳೆದುಕೊಂಡು, ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆ ಹೊರಹಾಕಿ, ಟ್ಯೂಬಿನ ತುದಿಯವರೆಗೂ ಎಣ್ಣೆ ತುಂಬಿದ ಮೇಲೆಯೇ ಅದನ್ನು ನಿಪ್ಪಲಿಗೆ ಸೇರಿಸಬೇಕು. ಮೇಲಿನ ಡಬ್ಬಿಯಿಂದ ಮುಕ್ಕಾಲು ಪಾಲು ಎಣ್ಣೆ ಮೊದಲೇ ತೆಗೆದಿಡಿ, ಇಲ್ಲದಿದ್ದರೆ ಅದು ಉಕ್ಕಿ ಪೇಂಟಿನ ಮೇಲೆ ಚೆಲ್ಲುತ್ತದೆ. ಆಮೇಲೆ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ ಒಂದೇ ಸಮನೆ ಒತ್ತುತ್ತಾ ಹೋಗಿ. 50 ಮಿ.ಲೀ. ಎಂದರೆ ಪೈಪಿನಲ್ಲಿ ಹಿಡಿಯುವ ಎಣ್ಣೆಯ ನಾಲ್ಕೈದು ಪಟ್ಟು. ಪೆಡಲ್ ಅರ್ಧ ಮೀಟರ್ ತಳ್ಳಿ ನಿಲ್ಲಿಸುವ ಕಡೆ ಸಿರಿಂಜ್ ಎಲ್ಲಿಯೂ ನಿಲ್ಲದೆ ಗಾಳಿಯನ್ನು ಡಬ್ಬಿಯವರೆಗೂ ಒಯ್ಯುತ್ತದೆ. ಗಾಳಿ ಹೇಗಿದ್ದರೂ ಮೇಲಕ್ಕೆ ಹೋಗಲು ಬಯಸುತ್ತದೆ. ನಾವು ಅದನ್ನು ಕೆಳಕ್ಕೆ ತುಳಿಯುವುದನ್ನು ಬಿಟ್ಟು ಅದು ಹೋಗುವ ದಿಕ್ಕಿನಲ್ಲೇ ತಳ್ಳುತ್ತಿದ್ದೇವೆ. ಮೆಕ್ಯಾನಿಕ್ ಅವರು ಹೇಳಿದ ಹಾಗೆ ಪಿಸ್ಟನ್ ಒಳಕ್ಕೆ ಒತ್ತಿ ಹಿಡಿದು, ಆದರೆ ಇಲ್ಲಿ ಗಾಳಿ ಹೋಸಿನ ಕಡೆಗೆ ಹೊರಡುವುದರಿಂದ ನಿಪ್ಪಲಿನ ಬದಲು ಸಿಲಿಂಡರಿನಲ್ಲಿ ಹೋಸ್ ಸೇರುವ ತೂತು ಮೇಲೆ ಬರುವಂತೆ ತಿರುಗಿಸಿ ಇದನ್ನು ಮಾಡಿದರೆ ಮೂಲೆಯಲ್ಲಿ ಏನೂ ಉಳಿಯುವುದಿಲ್ಲ. ಸಿರಿಂಜಿನ ರಬ್ಬರ್ ಈ ಎಣ್ಣೆಗೆಂದು ಮಾಡಿದ್ದಲ್ಲವಾದ್ದರಿಂದ ಒಂದು ಕೆಲಸಕ್ಕೆ ಬಳಸಿ ಎಸೆಯಿರಿ.

ಇನ್ನು ಆ ಸಣ್ಣ ರಂಧ್ರ. ಪೆಡಲ್ ಪೂರ್ತಿ ಮೇಲಿದ್ದಾಗ ಮಾತ್ರ ಅದು ತೆರೆದಿರುತ್ತದೆ. ಮಾಸ್ಟರಿನ ಪುಶ್ ರಾಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಬಿಡುವು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಕೆಳಗಿನಿಂದ ಬರುವ ಎಣ್ಣೆಗಾಗಲಿ ಗಾಳಿಗಾಗಲಿ ಡಬ್ಬಿಗೆ ಹೋಗಲು ದಾರಿಯೇ ಇಲ್ಲ. ಸಿರಿಂಜ್ ಒತ್ತುವಾಗ ಗೋಡೆಗೆ ಒತ್ತಿದಂತೆ ಗಟ್ಟಿಯಾದರೆ ಬಲ ಹಾಕಬೇಡಿ, ಪೆಡಲಿನ ಫ್ರೀ ಪ್ಲೇ ನೋಡಿ. ಪೆಡಲನ್ನು ಬೆರಳಿನಿಂದ ಒತ್ತಿದಾಗ ಮೊದಲ ಕೆಲವು ಮಿಲಿಮೀಟರ್ ಯಾವ ತಡೆಯೂ ಇಲ್ಲದೆ ಚಲಿಸಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಆ ಅಳತೆ ಇರುತ್ತದೆ.

ಉತ್ತರ: ಶಾಲಾ ವಾಹನ ಚಾಲಕಿ, ಹೆಬ್ಬಾಳ

ಎಣ್ಣೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಹೊಸ ಡಾಟ್ 3 ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4 ಎಣ್ಣೆಯದು 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೀರು ಹೀರಿಕೊಂಡ ಮೇಲೆ ಕ್ರಮವಾಗಿ 140 ಮತ್ತು 155ಕ್ಕೆ ಇಳಿದರೂ ಸರಿ ಎಂದು ಅದೇ ನಿಯಮ ಹೇಳುತ್ತದೆ. ಅಂದರೆ ಈ ಎಣ್ಣೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ ಎಂಬುದು ಅದನ್ನು ತಯಾರಿಸುವವರಿಗೇ ಗೊತ್ತಿರುವ ಸಂಗತಿ. ಅರ್ಧ ಉಳಿದ ಹಳೆಯ ಡಬ್ಬಿಯನ್ನು ಗ್ಯಾರೇಜಿನ ಕಪಾಟಿನಿಂದ ತೆಗೆದು ಹಾಕಿಸಿಕೊಳ್ಳಬೇಡಿ. ಹೊಸದಾಗಿ ಸೀಲ್ ಒಡೆದ ಡಬ್ಬಿಯೇ ಆಗಬೇಕು ಎಂದು ಕೇಳಿ.

ಎಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಅದರೊಳಗೆ ಬೀಳಬಾರದು. ಅವು ಈ ಸಿಲಿಂಡರಿನ ರಬ್ಬರನ್ನು ಊದಿಸಿ ಹಾಳು ಮಾಡುತ್ತವೆ. ಆಯಿಲ್ ಅಳೆದ ಅದೇ ಲಾಳಿಕೆಯನ್ನು ಒರೆಸಿ ಬ್ರೇಕ್ ಆಯಿಲ್ ಹಾಕಿದ್ದರಿಂದ ನನ್ನ ಹಿಂದಿನ ಗಾಡಿಯ ಕಪ್ಪುಗಳೆಲ್ಲ ಊದಿಕೊಂಡು, ಎರಡೂ ಸಿಲಿಂಡರ್ ಬದಲಿಸಬೇಕಾಯಿತು. ಎಣ್ಣೆ ಪೇಂಟಿನ ಮೇಲೆ ಬಿದ್ದರೆ ಒರೆಸಿ ಸುಮ್ಮನಾಗದೆ ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಸುಕ್ಕಾಗಿ ಏಳುತ್ತದೆ.

ನಿಮ್ಮ ಗಾಡಿಯಲ್ಲಿ ಕ್ಲಚ್ಚಿಗೆ ಬೇರೆ ಡಬ್ಬಿ ಇರುವುದು ಅನುಕೂಲ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವ ಗಾಡಿಗಳವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಕ್ಲಚ್ಚಿನ ಪೈಪ್ ಆ ಡಬ್ಬಿಯ ಸ್ವಲ್ಪ ಮೇಲ್ಭಾಗದಿಂದ ಹೊರಡುತ್ತದೆ. ಕ್ಲಚ್ ಸೋರಿದರೂ ಬ್ರೇಕಿಗೆ ಎಣ್ಣೆ ಉಳಿಯಲೆಂದು ಹಾಗೆ ಮಾಡಿರುತ್ತಾರೆ. ಎಣ್ಣೆಯ ಮಟ್ಟ ಕೆಳಗಿನ ಗೆರೆಗೆ ಬರುವ ಮೊದಲೇ ಕ್ಲಚ್ಚಿಗೆ ಏರ್ ಹಿಡಿಯಬಹುದು.

ಪ್ರಶ್ನೆ ಕೇಳಿದವರು: ತರಕಾರಿ ಗಾಡಿ, ಲಗ್ಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಭಾನುವಾರ ಮಧ್ಯಾಹ್ನ ಗಾಡಿ ಖಾಲಿಯಿದ್ದಾಗ ನನ್ನ ತಮ್ಮನನ್ನು ಪೆಡಲಿನ ಬಳಿ ಕೂರಿಸಿ ನೀವು ಹೇಳಿದ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿದೆ. ಪೆಡಲ್ ತುಳಿದು ಎರಡು ನಿಮಿಷ ಹಿಡಿದಿದ್ದರೂ ಪುಶ್ ರಾಡ್ ಒಂದಿನಿತೂ ಹಿಂದೆ ಸರಿಯಲಿಲ್ಲ. ಹೋಸ್ ಉಬ್ಬಲಿಲ್ಲ. ಮೊದಲ ತುಳಿತಕ್ಕೆ ರಾಡ್ 9 ಮಿ.ಮೀ. ಚಲಿಸಿತು, ಮೂರು ಸಲ ಪಂಪ್ ಮಾಡಿದ ಮೇಲೆ 13 ಮಿ.ಮೀ. ಸಿಲಿಂಡರುಗಳ ಮೇಲಿನ ಮಣ್ಣು ಒರೆಸಿ ನೋಡಿದಾಗ ಶಿಕ್ಷಕರು ಉದಾಹರಣೆಗೆಂದು ಕೊಟ್ಟ 5/8 ಮತ್ತು 3/4 ಅಳತೆಗಳೇ ಅಲ್ಲಿಯೂ ಇದ್ದವು. ಅಷ್ಟಾದ ಮೇಲೆ ಮಾಸ್ಟರ್ ಸಿಲಿಂಡರಿನ ಯೋಚನೆ ಬಿಟ್ಟೆ.

ಆದರೆ ಸಿರಿಂಜ್ ಹಾಕಿದಾಗ ಶಿಕ್ಷಕರು ಎಚ್ಚರಿಸಿದ್ದೇ ಎದುರಾಯಿತು. ಐದಾರು ಮಿ.ಲೀ. ಹೋಯಿತು, ಆಮೇಲೆ ಕಲ್ಲಿನಂತೆ ಗಟ್ಟಿ. ಪೆಡಲಿನ ಮೇಲ್ಭಾಗದಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಪುಶ್ ರಾಡಿನ ಲಾಕ್‌ನಟ್ಟಿನ ಹತ್ತಿರ ಹಳೆಯ ಕೊಳೆ ಹಿಡಿದ ಥ್ರೆಡ್ಡಿನ ಪಕ್ಕದಲ್ಲಿ ಎರಡು ಸುತ್ತಿನಷ್ಟು ಥ್ರೆಡ್ ಹೊಚ್ಚ ಹೊಸದರಂತೆ ಹೊಳೆಯುತ್ತಿದೆ. ಯಾರೋ ಇತ್ತೀಚೆಗೆ ರಾಡನ್ನು ಉದ್ದ ಮಾಡಿದ್ದಾರೆ. ಪೆಡಲಿನಲ್ಲಿ ಫ್ರೀ ಪ್ಲೇ ಎಂಬುದು ಇಲ್ಲವೇ ಇಲ್ಲ. ಹಾಗಿದ್ದರೆ ಅದನ್ನು ನಾನೇ ಹಿಂದಕ್ಕೆ ತಿರುಗಿಸಬಹುದೇ? ಇನ್ನೊಂದು ಸಂದೇಹ: ಸಿರಿಂಜನ್ನು ಹಿಂದಕ್ಕೆ ಎಳೆದು ನೋಡಿದಾಗ ಟ್ಯೂಬಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು, ಎಷ್ಟು ಎಳೆದರೂ ನಿಲ್ಲಲಿಲ್ಲ. ಒಳಗೆ ಅಷ್ಟೊಂದು ಏರ್ ಇದೆಯೇ?

ಉತ್ತರ: ಗ್ಯಾರೇಜ್ ಮೆಕ್ಯಾನಿಕ್, ಕಲಾಸಿಪಾಳ್ಯ

ತಿರುಗಿಸಬಹುದು, ತಿರುಗಿಸಲೇಬೇಕು. ಕ್ಲಚ್ ಕೆಳಗೆ ಹಿಡಿಯುತ್ತಿದೆ ಎಂದು ಗಿರಾಕಿ ಹೇಳಿದಾಗ ಪುಶ್ ರಾಡ್ ಉದ್ದ ಮಾಡಿ ಪೆಡಲನ್ನು ಮೇಲಕ್ಕೆ ತರುವುದು ಸುಲಭದ ದಾರಿ. ಒಂದೆರಡು ದಿನ ಪೆಡಲ್ ಸರಿಯಾದಂತೆ ಅನ್ನಿಸುತ್ತದೆ. ಆದರೆ ರಂಧ್ರ ಮುಚ್ಚಿಕೊಂಡರೆ ಏರ್ ಎಂದಿಗೂ ಹೊರಗೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೂ ಇದೆ: ಎಂಜಿನ್ನಿನ ಬಿಸಿಗೆ ಪೈಪಿನಲ್ಲಿನ ಎಣ್ಣೆ ಹಿಗ್ಗಿದಾಗ ಅದಕ್ಕೆ ಡಬ್ಬಿಗೆ ಮರಳುವ ದಾರಿ ಇಲ್ಲದೆ ಸ್ಲೇವಿನ ರಾಡನ್ನೇ ಒತ್ತುತ್ತದೆ, ನೀವು ಕಾಲು ಇಡದೆಯೇ ಕ್ಲಚ್ ಅರೆಬರೆ ತುಳಿದಂತಾಗುತ್ತದೆ. ಭಾರ ತುಂಬಿಕೊಂಡು ಏರು ಹತ್ತುವಾಗ ಪ್ಲೇಟ್ ಜಾರಿ ಸುಡುವುದು ಹೀಗೆಯೇ. ಆಗ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಲಾಕ್‌ನಟ್ ಸಡಿಲಿಸಿ, ರಾಡನ್ನು ಅರ್ಧ ಅರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತಾ, ಪ್ರತಿ ಸಲ ಪೆಡಲನ್ನು ಬೆರಳಿನಿಂದ ಒತ್ತಿ ನೋಡಿ. ಸಡಿಲು ಕೈಗೆ ಸಿಕ್ಕಿದ ಕೂಡಲೇ ಕೈಪಿಡಿಯ ಅಳತೆಗೆ ತಂದು ಲಾಕ್‌ನಟ್ ಬಿಗಿ ಮಾಡಿ.

ಗುಳ್ಳೆಗಳ ಬಗ್ಗೆ ಚಿಂತಿಸಬೇಡಿ. ನಿಪ್ಪಲ್ ಸಡಿಲವಿದ್ದಾಗ ಹೊರಗಿನಿಂದ ಎಳೆದರೆ ಅದರ ಥ್ರೆಡ್ಡಿನ ಸಂದಿಯಿಂದ ಹೊರಗಾಳಿ ನುಗ್ಗಿ ಬರುತ್ತದೆ. ಅದು ಒಳಗಿನ ಏರ್ ಅಲ್ಲ. ಎಳೆಯುವ ಪಂಪ್ ಬಳಸುವವರೆಲ್ಲ ಈ ಗುಳ್ಳೆ ನೋಡಿ ಗೊಂದಲಕ್ಕೆ ಬೀಳುತ್ತಾರೆ. ಒತ್ತಿದಾಗ ಅದೇ ಸಂದಿಯಿಂದ ಎಣ್ಣೆ ಸ್ವಲ್ಪ ಹೊರಗೆ ಜಿನುಗುತ್ತದೆಯೇ ಹೊರತು ಗಾಳಿ ಒಳಗೆ ಹೋಗುವುದಿಲ್ಲ. ಆದ್ದರಿಂದ ನೀವು ಎಳೆಯಬೇಡಿ, ಒತ್ತಿ ಮಾತ್ರ.

ಇನ್ನೊಬ್ಬ ಓದುಗರು: ಕುರಿಯರ್ ಗಾಡಿ, ಬೊಮ್ಮನಹಳ್ಳಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಪಿಕಪ್ಪಿನಲ್ಲಿ ಸ್ಲೇವ್ ಸಿಲಿಂಡರ್ ಹೊರಗೆ ಕಾಣುವುದೇ ಇಲ್ಲ, ಗೇರ್‌ಬಾಕ್ಸಿನ ಒಳಗೆ ಬೇರಿಂಗಿನ ಜೊತೆಗೇ ಇದೆಯಂತೆ. ನಿಪ್ಪಲ್ ಮಾತ್ರ ಹೊರಗಿದೆ. ಅಂಥದಕ್ಕೂ ಇದೇ ವಿಧಾನವೇ?

ಉತ್ತರ: ಐ.ಟಿ.ಐ. ಶಿಕ್ಷಕ, ಪೀಣ್ಯ

ಸಿರಿಂಜಿನ ವಿಧಾನ ಅದಕ್ಕೂ ಒಗ್ಗುತ್ತದೆ. ತಿರುಗಿಸಿ ಹಿಡಿಯುವ, ಪಿಸ್ಟನ್ ಒತ್ತಿ ಹಿಡಿಯುವ ಅವಕಾಶ ಮಾತ್ರ ಇರುವುದಿಲ್ಲ. ಅಲ್ಲಿ ಸಿಲಿಂಡರ್ ಗೇರ್‌ಬಾಕ್ಸ್ ಶಾಫ್ಟಿನ ಸುತ್ತ ಉಂಗುರದಂತೆ ಕೂತಿರುತ್ತದೆ. ಗೇರ್‌ಬಾಕ್ಸ್ ಇಳಿಸಿರುವಾಗ ಯಾವ ಕಾರಣಕ್ಕೂ ಪೆಡಲ್ ತುಳಿಯಬೇಡಿ, ಆ ಉಂಗುರ ಕಳಚಿಕೊಂಡು ಸೀಲ್ ಹಾಳಾಗುತ್ತದೆ. ಕ್ಲಚ್ಚನ್ನು ಮುಚ್ಚಿರುವ ಕವಚದ, ಅಂದರೆ ಬೆಲ್ ಹೌಸಿಂಗಿನ, ಕೆಳಗಿನ ತೂತಿನಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಏರ್ ತೆಗೆದು ಪ್ರಯೋಜನವಿಲ್ಲ, ಗೇರ್‌ಬಾಕ್ಸ್ ಇಳಿಸಿ ಸಿಲಿಂಡರನ್ನೇ ಬದಲಿಸಬೇಕು. ಹಾಗೆ ಇಳಿಸಿದಾಗ ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಎಂಬುದನ್ನೂ ನೋಡಿಬಿಡಿ, ಏಕೆಂದರೆ ಅದೇ ಕೂಲಿ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ.

ಪ್ರಶ್ನೆ ಕೇಳಿದವರು: ತರಕಾರಿ ಗಾಡಿ, ಲಗ್ಗೆರೆ

ಇಂದು ಸಂಜೆ ಕೆಲಸ ಮುಗಿಯಿತು. ಪುಶ್ ರಾಡನ್ನು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸುತ್ತಲೇ ಪೆಡಲಿನಲ್ಲಿ ಸಡಿಲು ಸಿಕ್ಕಿತು. ಕೈಪಿಡಿಯ ಅಳತೆಗೆ ಸರಿಪಡಿಸಿ ಲಾಕ್‌ನಟ್ ಬಿಗಿ ಮಾಡಿದೆ. ಜೆ.ಸಿ. ರಸ್ತೆಯಿಂದ ಹೊಸ ಡಾಟ್ 4 ಡಬ್ಬಿ ತಂದಿದ್ದೆ. ಸ್ಲೇವ್ ಸಿಲಿಂಡರಿನ ಎರಡು ಬೋಲ್ಟ್ ಬಿಚ್ಚಿ, ಹೋಸ್ ಸೇರುವ ಬದಿ ಮೇಲೆ ಮಾಡಿ, ಪಿಸ್ಟನ್ ಒತ್ತಿ ಹಿಡಿದು ಸಿರಿಂಜ್ ಒತ್ತಿದೆ. ಈ ಸಲ ತಡೆಯೇ ಇರಲಿಲ್ಲ. ತಮ್ಮ ಮೇಲೆ ಡಬ್ಬಿಯ ಬಳಿ ನಿಂತಿದ್ದ. ಮೊದಲ ಇಪ್ಪತ್ತು ಮಿ.ಲೀ. ಹೋಗುವಷ್ಟರಲ್ಲಿ ಡಬ್ಬಿಯ ತಳದಿಂದ ಸಣ್ಣ ಗುಳ್ಳೆಗಳು ಬಂದವು, ಆಮೇಲೆ ಕಡಲೆಕಾಳಿನ ಗಾತ್ರದ ಒಂದೆರಡು ಗುಳ್ಳೆ ಬುಳುಕ್ಕೆಂದು ಎದ್ದವು ಎಂದು ಅವನು ಮೇಲಿನಿಂದ ಕೂಗಿ ಹೇಳಿದ. ಒಂದು ತಿಂಗಳಿಂದ ಕಾಡಿದ್ದು ಅದೇ. ಎರಡನೆಯ ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ನಿಪ್ಪಲ್ ಮುಚ್ಚಿ, ಸಿಲಿಂಡರ್ ಕೂರಿಸಿ, ಎಣ್ಣೆಯನ್ನು ಮೇಲಿನ ಗೆರೆಯವರೆಗೆ ತಂದೆ.

ಈಗ ಮೊದಲ ತುಳಿತಕ್ಕೇ ರಾಡ್ 14 ಮಿ.ಮೀ. ಚಲಿಸುತ್ತದೆ, ಪಂಪ್ ಮಾಡಿದರೂ ಅದೇ 14. ಹಿಂದೆ 9 ಇದ್ದದ್ದು 14 ಆಯಿತು ಎಂದರೆ ವ್ಯತ್ಯಾಸ 5 ಮಿ.ಮೀ.; ಅದನ್ನು ಶಿಕ್ಷಕರು ಕೊಟ್ಟ 285ರಿಂದ ಗುಣಿಸಿದರೆ 1.4 ಮಿ.ಲೀ. ಅಷ್ಟು ಗಾಳಿಗಾಗಿ ನಾನು ಗೇರ್‌ಬಾಕ್ಸ್ ಇಳಿಸಲು ಹೊರಟಿದ್ದೆ. ಎಂಜಿನ್ ಓಡುತ್ತಿರುವಾಗ ರಿವರ್ಸ್ ಸದ್ದಿಲ್ಲದೆ ಬೀಳುತ್ತಿದೆ. ಗ್ಯಾರೇಜಿನವರಿಗೂ ಪುಶ್ ರಾಡಿನ ವಿಷಯ ತಿಳಿಸಿದೆ. ಅವರು ಸಿಟ್ಟಾಗದೆ ಕೇಳಿಸಿಕೊಂಡರು, ಸಿರಿಂಜಿನಿಂದ ಮಾಡುವ ಕ್ರಮವನ್ನು ಕಾಗದದಲ್ಲಿ ಬರೆಸಿಕೊಂಡರು. ನಾಳೆ ಯಾರ್ಡಿನಿಂದ ಪೂರ್ಣ ಲೋಡ್ ತುಂಬಿಕೊಂಡು ಬಂದ ಮೇಲೆ, ಎಣ್ಣೆ ಬಿಸಿಯಾದಾಗ ಆ ಅಳತೆ ಬದಲಾಗುತ್ತದೆಯೇ ಎಂದು ಮತ್ತೊಮ್ಮೆ ನೋಡಿ ಇಲ್ಲಿ ಬರೆಯುತ್ತೇನೆ.